ಬೆನ್ನಿಗಿದ್ದ ಮೋಟುಗೋಡೆ

ಹಳ್ಳಿಯ ಹಳೇ ಇಗರ್ಜಿಯ ಉತ್ತರದ ಗೋಡೆಗೆ ಇದ್ದದ್ದು ಒಂದೇ ಭಯ. ಹೊರಗಡೆ ತನ್ನ ಬೆನ್ನಿಗೆ ಒತ್ತಿಕೊಂಡು ನಿಂತ ಕಲ್ಲಿನ ಮೋಟುಗೋಡೆ ಇವತ್ತಲ್ಲ ನಾಳೆ ತನ್ನನ್ನು ನೂಕಿ ಕೆಡವುತ್ತದೆ ಎಂದು. ಇಗರ್ಜಿಯ ಗಂಟೆ ಹೊಡೆದಾಗಲೆಲ್ಲ ಆ ಒತ್ತು ಜಾಸ್ತಿಯಾದಂತೆ ಅನಿಸಿ ಅದರ ಮೈಯ ಗಾರೆ ಉದುರುತ್ತಿತ್ತು.

“ನನ್ನನ್ನು ಯಾಕೆ ಹೀಗೆ ನೂಕುತ್ತೀಯ?” ಎಂದು ಅದು ಕೊನೆಗೂ ಕೇಳಿತು.

“ನಾನು ನೂಕುತ್ತಿಲ್ಲ ಮಾರಾಯ,” ಎಂದಿತು ಮೋಟುಗೋಡೆ. “ಹುಲ್ಲಿನ ಮಾಡು ತೆಗೆದು ಹೆಂಚು ಹೊದಿಸಿದ ವರ್ಷ, ಆ ಭಾರಕ್ಕೆ ನೀನು ಹೊರಕ್ಕೆ ವಾಲಿದೆ. ಊರವರು ಹೆದರಿ ನನ್ನನ್ನು ಕಟ್ಟಿದರು. ಒರಗಿರುವುದು ನೀನು.”

ನೂಕುವವರೆಲ್ಲ ಹೇಳುವುದು ಹೀಗೇ ಎಂದುಕೊಂಡಿತು ಗೋಡೆ.

ಇಬ್ಬರ ಸಂದಿನಲ್ಲಿ ಬಸರಿಯ ಸಸಿಯೊಂದು ಮೊಳೆತಿತ್ತು. ಅದು ಗೋಡೆಗೆ ಮೆಲ್ಲಗೆ ಹೇಳಿತು: “ಒಡೆಯರೇ, ನನ್ನ ಬೇರಿಗೆ ಒಂದಿಷ್ಟು ಜಾಗ ಕೊಡಿ. ಇವನನ್ನು ಅತ್ತ ಕಳಿಸುತ್ತೇನೆ.”

“ಬೇಡ, ನನ್ನ ಮಾತು ಕೇಳು,” ಎಂದಿತು ಮೋಟುಗೋಡೆ. ಅದು ಬೇಡ ಎಂದದ್ದಕ್ಕೇ ಗೋಡೆಯ ಭಯ ಇಮ್ಮಡಿಯಾಯಿತು. ತನ್ನ ಕಲ್ಲುಗಳ ನಡುವೆ ಬೇರಿಗೆ ದಾರಿ ಬಿಟ್ಟುಕೊಟ್ಟಿತು.

ವರ್ಷಗಳು ಕಳೆದು ಸಸಿ ಮರವಾಯಿತು. ಒಂದು ಭಾನುವಾರ, ಒಳಗೆ ಜನ ಮಂಡಿಯೂರಿ ಪ್ರಾರ್ಥಿಸುತ್ತಿದ್ದಾಗ, ಮೋಟುಗೋಡೆ ಬುಡ ಕಿತ್ತುಕೊಂಡು ಆಚೆಗೆ ಉರುಳಿತು. ಗೋಡೆಯ ಬೆನ್ನಿಗೆ ಎಷ್ಟೋ ಕಾಲದ ಮೇಲೆ ಗಾಳಿ ತಾಗಿತು.

“ಅಂತೂ ಬದುಕಿದೆ,” ಎಂದಿತು ಗೋಡೆ.

ಅಷ್ಟರಲ್ಲಿ ತಲೆಯ ಮೇಲೆ ತೊಲೆಗಳು ಕಿರುಗುಟ್ಟಿದವು. ಒಳಗಿದ್ದವರು ಪ್ರಾರ್ಥನೆ ನಿಲ್ಲಿಸಿ ಮೇಲೆ ನೋಡಿದರು. ಗೋಡೆ ಗಾಬರಿಯಿಂದ ಹಿಂದೆ ಯಾರಿದ್ದಾರೆಂದು ತಡವಿತು. ನೂಕುವವರು ಯಾರೂ ಇರಲಿಲ್ಲ. ಹಿಡಿಯುವವರೂ ಇರಲಿಲ್ಲ. ಗೋಡೆ ವಾಲುತ್ತಲೇ ಇತ್ತು.