ಯಾರೂ ಮುಟ್ಟದ ಮಣ್ಣು

ಹೊಳೆ ದಂಡೆಯ ಆ ಆಶ್ರಮದಲ್ಲಿ ಇದ್ದದ್ದು ಎರಡು ಗುಡಿಸಲು, ಬಿಸಿಲಿಗೆ ಕಾಯುವ ಒಂದು ಬಂಡೆ, ಬಂಡೆಯ ಮೇಲೊಂದು ಮುಚ್ಚಳದ ಗಾಜಿನ ಬಟ್ಟಲು. ದೇವರ ಪಟವೂ ಇರಲಿಲ್ಲ.

ಗುರು ಕೆಂಪಲಿಂಗಯ್ಯ ಮೇಷ್ಟ್ರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವ ಕೆಲಸ ಬಿಟ್ಟು ಬಂದು, ಆಯುಸ್ಸನ್ನೆಲ್ಲ ಒಂದೇ ಪ್ರಶ್ನೆಗೆ ಸುರಿದಿದ್ದರು. ತಾಯಿಯ ಚಹರೆಯನ್ನು ಮಗುವಿಗೆ ದಾಟಿಸುವ ಎಳೆಯೊಂದು ಪ್ರತಿ ಜೀವಿಯೊಳಗೂ ಇದೆ. ತಾಯಿಯೇ ಇಲ್ಲದ ಕಾಲದಲ್ಲಿ ಆ ಎಳೆಯನ್ನು ಹೆಣೆದದ್ದು ಏನು?

ಬರೀ ಮಣ್ಣು, ನೀರು, ಬಿಸಿಲು ಎಂದು ಅವರ ನಂಬಿಕೆ. ಬೆಂಕಿಯಲ್ಲಿ ಸುಟ್ಟು ಜೀವ ಕಳೆದ ಜೇಡಿಮಣ್ಣನ್ನು ಬಟ್ಟಲಿಗೆ ಹಾಕಿ, ಒಂದಿಷ್ಟು ರಾಸಾಯನಿಕ ಬೆರೆಸಿ ನೆನೆಸುವರು, ಒಣಗಿಸುವರು, ಮತ್ತೆ ನೆನೆಸುವರು. ಒಣಗುವಾಗ ಕಣಕ್ಕೆ ಕಣ ಅಂಟಿಕೊಂಡು ಎಳೆ ಮೂಡಬೇಕು.

ಜೀವ ಇರುವ ಯಾವುದೂ ಅದಕ್ಕೆ ತಾಗುವಂತಿರಲಿಲ್ಲ. ಉಗುಳಿನ ಒಂದು ಹನಿ ಬಿದ್ದರೂ ಕೆಲಸ ಕೆಟ್ಟಿತು, ನಮ್ಮ ಮೈಯೊಳಗಿನ ಎಳೆಯೇ ಅಲ್ಲಿ ಸಿಗುತ್ತದೆ. ಅದಕ್ಕೇ ಗುರು ಶಿಷ್ಯರಿಬ್ಬರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರು. ಊರಿನವರು, ಯಾರೋ ಜೈನ ಸನ್ಯಾಸಿಗಳಿರಬೇಕು ಎಂದು ದೂರದಿಂದಲೇ ಕೈಮುಗಿದು ಹೋಗುತ್ತಿದ್ದರು.

ಶಿಷ್ಯನೆಂದರೆ ಕಪಿನಪ್ಪ ಒಬ್ಬನೇ. ಪ್ರತಿ ಬೇಸಿಗೆ ಅವನು ಚೂರು ಮಣ್ಣನ್ನು ಸೀಸೆಗೆ ತುಂಬಿ ಪಟ್ಟಣದ ಪ್ರಯೋಗಾಲಯಕ್ಕೆ ಕೊಟ್ಟು, ಎಳೆ ಇಲ್ಲ ಎಂಬ ಸುದ್ದಿ ಹೊತ್ತು ಬರುತ್ತಿದ್ದ. ಮೇಷ್ಟ್ರು ಸರಿ ಎಂದು ಬಟ್ಟಲು ತೊಳೆಯಲು ಏಳುತ್ತಿದ್ದರು.

ಈ ಬೇಸಿಗೆ ಅವರಿಗೆ ಏಳಲು ಆಗುತ್ತಿರಲಿಲ್ಲ. ಕಾಲು ಊದಿತ್ತು, ಡಾಕ್ಟರು ಕೈಚೆಲ್ಲಿದ್ದರು. ಇಂಥ ಮನುಷ್ಯ ಬರಿಗೈಯಲ್ಲಿ ಹೋಗಬೇಕೇ ಎಂದು ಕಪಿನಪ್ಪ ಮರುಗಿದ. ಬಸ್ಸಿಗೆ ಕಾಯುತ್ತಾ ನಿಂತವನು ಬಾಯಿಯ ಬಟ್ಟೆ ಸರಿಸಿ, ಬೆರಳು ನೆಕ್ಕಿ, ಸೀಸೆಯೊಳಗೆ ಅದ್ದಿದ.

ಪಟ್ಟಣದವರು ಇದೆ ಎಂದರು.

ಸುದ್ದಿ ಕೇಳಿ ಮೇಷ್ಟ್ರು ಹೇಗೋ ಎದ್ದು ಕುಳಿತರು. ಶಿಷ್ಯನ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತರು. ಕಪಿನಪ್ಪನೂ ಅತ್ತ. ಮಾಡಿದ್ದು ಒಳ್ಳೆಯದೇ ಆಯಿತು ಅನ್ನಿಸಿತು ಅವನಿಗೆ.

ಅಳು ನಿಂತ ಮೇಲೆ ಮೇಷ್ಟ್ರು ಕೇಳಿದರು, “ಎಳೆ ಎಷ್ಟುದ್ದ ಇತ್ತಂತೆ?”

“ತುಂಬಾ ಉದ್ದ ಗುರುಗಳೇ. ಪುಸ್ತಕ ಓದಿದ ಹಾಗೆ ಓದಿಕೊಂಡು ಹೋಗಬಹುದು ಅಂದರು.”

ಮೇಷ್ಟ್ರು ಅವನ ಕೈ ಬಿಟ್ಟರು.

“ಮಣ್ಣು ಹೆಣೆದಿದ್ದರೆ ತುಂಡು ತುಂಡು ಸಿಗಬೇಕಿತ್ತು ಕಪಿನಪ್ಪ, ಅರ್ಥ ಇಲ್ಲದ ಪುಟ್ಟ ತುಂಡು. ಓದೋ ಹಾಗೆ ಬರೆಯೋಕೆ ಅದಕ್ಕಿನ್ನೂ ಎಲ್ಲಿ ಬರುತ್ತೆ? ಅದು ನಿನ್ನದಾ?”

ಕಪಿನಪ್ಪ ತಲೆ ತಗ್ಗಿಸಿದ. ನೀವು ನೆಮ್ಮದಿಯಿಂದ ಕಣ್ಣು ಮುಚ್ಚಲಿ ಅಂತ ಮಾಡಿದೆ ಎಂದ. ಬಟ್ಟಲಿನ ಮಣ್ಣು ಹಾಗೇ ಇದೆ, ಅದನ್ನು ಮುಟ್ಟಿಲ್ಲ, ನಾಳೆಯೇ ಮತ್ತೆ ಒಯ್ಯುತ್ತೇನೆ ಎಂದು ಗೋಗರೆದ.

“ಒಯ್ಯೋನೂ ನೀನೇ, ಉತ್ತರ ತರೋನೂ ನೀನೇ ಅಲ್ವಾ. ಇನ್ನು ಯಾವ ಉತ್ತರ ಅಂತ ನಂಬಲಿ, ಹಳೇದನ್ನಾದರೂ?” ಎಂದರು ಮೇಷ್ಟ್ರು. ಬಟ್ಟಲು ತರಲು ಹೇಳಿದರು.

ಅವನು ತಂದು, ಮುಚ್ಚಳ ತೆಗೆದು ಎದುರಿಗೆ ಹಿಡಿದ. ಮೇಷ್ಟ್ರು ತಮ್ಮ ಬಾಯಿಯ ಬಟ್ಟೆ ಬಿಚ್ಚಿ, ಮುಂದಕ್ಕೆ ಬಾಗಿ, ಮಣ್ಣಿನೊಳಗೆ ಉಗುಳಿದರು.

“ಇಷ್ಟು ವರ್ಷ ಇದು ಇಲ್ಲ ಅಂತಿತ್ತು. ಆ ಇಲ್ಲ ಅನ್ನೋದಾದರೂ ನನಗೆ ಉಳೀತಿತ್ತಲ್ಲೋ.”