ಅಂತಪ್ಪ ಹೆಗ್ಡೆಯವರ ಹೊಟ್ಟೆ

ಬೀಡಿನ ಯಜಮಾನ ಅಂತಪ್ಪ ಹೆಗ್ಡೆಯವರ ಕೋಣ ಕಂಬಳದ ಗದ್ದೆಯಲ್ಲಿ ಬಾಣದ ಹಾಗೆ ಓಡುತ್ತಿತ್ತು. ಹೆಗ್ಡೆಯವರು ಮಾತ್ರ ಅಂಗಳ ದಾಟಿದರೆ ಏದುಸಿರು ಬಿಡುತ್ತಿದ್ದರು.

"ಕೋಣ ಓಡುವುದು ಸರಿ. ಹೆಗ್ಡೆಯವರನ್ನು ಗದ್ದೆಗೆ ಹೊತ್ತು ತರುವವರು ಯಾರು?" ಎಂದು ಪಕ್ಕದೂರಿನ ಬಲ್ಲಾಳರು ನಕ್ಕುಬಿಟ್ಟರು.

ಹೆಗ್ಡೆಯವರಿಗೆ ಮೈಯೆಲ್ಲ ಉರಿಯಿತು. ಕೋಣ ನೋಡಿಕೊಳ್ಳುವ ದೂಮನನ್ನು ಕರೆದರು. "ಮುಂದಿನ ವಾರ ಕಂಬಳ. ಅಷ್ಟರಲ್ಲಿ ಈ ಹೊಟ್ಟೆ ಕರಗಬೇಕು. ನಾಳೆಯಿಂದ ನನಗೆ ಬರೀ ನೀರು. ಬೆಳಗಿನಿಂದ ಸಂಜೆವರೆಗೆ ನನ್ನನ್ನು ಓಡಿಸು. ಕರಗದಿದ್ದರೆ ನೀನು ಊರು ಬಿಡು!"

"ಆಯ್ತು ಧನಿ," ಎಂದ ದೂಮ.

ಬೆಳಿಗ್ಗೆ ಹೆಗ್ಡೆಯವರು ಕಚ್ಚೆ ಬಿಗಿದು ಬಂದರು. ದೂಮ ಕೋಣನ ಮೇವಿನ ಬಾನಿ ಕವುಚಿ ಹಾಕಿ, ಬೆತ್ತ ಹಿಡಿದು ಕೋಣನ ಪಕ್ಕ ನಿಂತಿದ್ದ.

"ಎಂತ ಮಾಡ್ತಿದ್ದಿ?"

"ಇವನೂ ಸ್ವಲ್ಪ ದಪ್ಪ ಆಗಿದ್ದಾನೆ ಧನಿ. ಇವನಿಗೂ ವಾರವಿಡೀ ಬರೀ ನೀರು. ಇಬ್ಬರನ್ನೂ ಒಟ್ಟಿಗೆ ಓಡಿಸ್ತೇನೆ."

ಹೆಗ್ಡೆಯವರು ಹೌಹಾರಿದರು. "ಮಂಡೆ ಸರಿ ಉಂಟಾ ನಿನಗೆ? ಸತ್ತೇ ಹೋಗ್ತಾನೆ! ಮೈ ಇಳಿಸುವುದು ಹಾಗಲ್ಲ ಮಾರಾಯ. ದಿನಾ ಸ್ವಲ್ಪ ನಡೆಸಬೇಕು, ಕೆರೆಯಲ್ಲಿ ಈಜಿಸಬೇಕು, ಹದವಾಗಿ ಹುರುಳಿ ಕೊಡಬೇಕು. ಮೈ ಇಳಿಯುವುದು ಈ ಕಂಬಳಕ್ಕಲ್ಲ, ಬರುವ ವರ್ಷದ ಕಂಬಳಕ್ಕೆ ನೋಡು!"

ದೂಮ ಬೆತ್ತ ಕೆಳಗಿಟ್ಟು ಕೈಮುಗಿದ. "ಧನಿಗಳ ಅಪ್ಪಣೆ. ಹಾಗೇ ಮಾಡುವ." ಒಂದು ಕೈಯಲ್ಲಿ ಕೋಣನ ಹಗ್ಗ ಹಿಡಿದ. ಇನ್ನೊಂದು ಕೈಯಲ್ಲಿ ಹೆಗ್ಡೆಯವರಿಗೆ ಕೆರೆಯ ದಾರಿ ತೋರಿಸಿದ.

ಹೆಗ್ಡೆಯವರು ಬಾಯಿ ತೆರೆದರು. ತಾವೇ ಆಡಿದ ಮಾತು ನೆನಪಾಗಿ ಮುಚ್ಚಿದರು. ಕೋಣನ ಹಿಂದೆ ನಡೆದರು.

ಸಂಜೆ ಹಸಿದು ಬಂದು, "ಊಟಕ್ಕೆ ಎಂತ ಉಂಟು?" ಎಂದು ಕೇಳಿದರು.

"ಹುರುಳಿ ಬೇಯ್ತಾ ಉಂಟು ಧನಿ," ಎಂದ ದೂಮ. "ಇಬ್ಬರಿಗೂ ಸಾಕಾಗುವಷ್ಟು."