ಜನವಿಲ್ಲದ ಊರಿನ ನೀರು

"ಒಬ್ಬರೇ ಇಲ್ಲಿ ಬಾಳಾಕ ಆಗಂಗಿಲ್ಲ ಬಿಡ್ರಿ ಅತ್ತಿಗಿ," ಎಂದು ನಕ್ಕು ಮೈದುನನೂ ಊರು ಬಿಟ್ಟಿದ್ದ. ಗುಳೆ ಹೋದವರು ಯಾರೂ ಮರಳಲಿಲ್ಲ. ಹಂಪವ್ವ ಒಬ್ಬಳೇ ಬಾಳಿದಳು.

ಒಂದು ಕಡುಬೇಸಿಗೆಯ ಮಧ್ಯಾಹ್ನ ಕಂದಾಯ ಸಾಹೇಬರು ಬಂದರು.

"ಒಬ್ಬ ಮುದುಕಿ ಇದ್ರ ಊರು ಅಂತಾರೇನು? ಊರಾಗ ಜನ ಯಾರೂ ಇಲ್ಲ ಅಂತ ದಫ್ತರದಾಗ ಬರದೀನಿ. ಇನ್ನ ಬೋರಿನ ಕರೆಂಟು ಕಡೀತಾರ," ಎಂದು ಬೆವರು ಒರೆಸಿಕೊಂಡರು. "ಒಂದು ತಂಬಿಗಿ ನೀರು ಕೊಡು."

ಹಂಪವ್ವ ಕೂತಲ್ಲಿಂದ ಏಳಲಿಲ್ಲ. "ಜನಾನೇ ಇಲ್ಲದ ಊರಾಗ ನೀರು ಕೊಡವ್ರು ಯಾರ್ರೀ ಸಾಹೇಬ್ರ?"

ಸಾಹೇಬರು ಸುತ್ತ ನೋಡಿದರು. ಎಲ್ಲ ಮನೆಗೂ ಬೀಗ. ಒಣಗಿದ ತುಟಿ ಸವರಿಕೊಂಡು, ಬರೆದದ್ದನ್ನು ಹೊಡೆದುಹಾಕಿ, "ಜನ ಒಬ್ಬರು" ಎಂದು ತಿದ್ದಿದರು. ಹಂಪವ್ವ ನೀರಿನ ಜೊತೆ ಬೆಲ್ಲವನ್ನೂ ಕೊಟ್ಟಳು.

ಈಗ ಬೋರು ಅವಳದು, ಬೇವಿನ ಕಟ್ಟೆ ಅವಳದು, ಊರಿಗೆ ಊರೇ ಅವಳದು. ಅದಕ್ಕೆ ತೆತ್ತ ಬೆಲೆಯೇನೆಂದರೆ, ಆ ಸಾಹೇಬರು ಹೋದಮೇಲೆ ಜಗಳಕ್ಕಾದರೂ ಇನ್ನೊಬ್ಬರು ಬಂದಿಲ್ಲ.